ಲ್ಯಾಪ್‌ಟಾಪ್‌ನಲ್ಲಿ ಏಳುವ ಕರ್ನಲ್ ಸರ್ವರ್‌ನಲ್ಲಿ ಏಕೆ ಏಳಲಿಲ್ಲ: ಒಂದು ಆರ್ಮ್ ವಿಎಂ ಪ್ರಕರಣ

ಒಂದು ಸಣ್ಣ ತಂಡ 64 ಬಿಟ್ ಆರ್ಮ್ ಚಿಪ್ ಮೇಲೆ ಓಡುವ ಗೇಟ್‌ವೇ ಡಬ್ಬಿಗಳನ್ನು ಮಾಡುತ್ತದೆ. ಲಿನಕ್ಸ್ ಕರ್ನಲ್ಲನ್ನು (ಓಎಸ್‌ನ ತಿರುಳು) ಬಿಲ್ಡ್‌ರೂಟ್ ಎಂಬ ಸಲಕರಣೆಯಲ್ಲಿ ಕಟ್ಟುತ್ತಾರೆ. ಬೋರ್ಡಿಗೆ ಬೇಡವಾದದ್ದನ್ನೆಲ್ಲ ಕಾನ್ಫಿಗ್‌ನಿಂದ ತೆಗೆದು ತೆಳ್ಳಗೆ ಮಾಡಿದ ಕರ್ನಲ್ ಅದು. ಪ್ರತಿ ಬದಲಾವಣೆಗೂ ನಿಜವಾದ ಬೋರ್ಡ್ ಮೇಲೆ ಟೆಸ್ಟ್ ಓಡಿಸುವುದು ನಿಧಾನ. ಹಾಗಾಗಿ ಎಲ್ಲರೂ ತಮ್ಮ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಬೇರೆ ಯಂತ್ರವನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಕ್ಯೂಎಮು ಹಾಕಿಕೊಂಡು, ಅದರ 'ವರ್ಟ್' ಎಂಬ ಕಾಲ್ಪನಿಕ ಮಷೀನ್ ಮೇಲೆ ಇದೇ ಕರ್ನಲ್ ಓಡಿಸುತ್ತಿದ್ದರು. ಕ್ಯೂಎಮುಗೆ ಕರ್ನಲ್ ಫೈಲನ್ನು ನೇರವಾಗಿ ಕೊಡುವ ರೀತಿ, ಅಂದರೆ ಯಂತ್ರವನ್ನು ಎಬ್ಬಿಸಿ ಓಎಸ್ ಕರೆಯುವ ಫರ್ಮ್‌ವೇರ್ ಯಾವುದೂ ನಡುವೆ ಇಲ್ಲ. ಚೆನ್ನಾಗಿಯೇ ನಡೆಯುತ್ತಿತ್ತು.

ಆಮೇಲೆ ಒಂದು ಆರ್ಮ್ ಸರ್ವರ್ ಸಿಕ್ಕಿತು. ವಿಎಂ (ವರ್ಚುವಲ್ ಮಷೀನ್) ಕೋಡನ್ನು ನೇರವಾಗಿ ನಿಜವಾದ ಸಿಪಿಯು ಮೇಲೆ ಓಡಿಸುವ ಕೆವಿಎಂ ಇದ್ದರೆ ವೇಗ ಜಾಸ್ತಿ, ಅಲ್ವಾ? ವಿಎಂಗಳನ್ನು ನೋಡಿಕೊಳ್ಳುವ ಲಿಬ್‌ವರ್ಟ್ ಹಾಕಿ, ವರ್ಟ್ ಇನ್‌ಸ್ಟಾಲ್ ಕಮಾಂಡ್ ಮೂಲಕ ಯುಇಎಫ್‌ಐ ಎಂಬ ಫರ್ಮ್‌ವೇರ್ ಇರುವ ವಿಎಂ ಮಾಡಿದರು. ಡಿಸ್ಕ್ ಇಮೇಜ್‌ನಲ್ಲಿ ಸಿಸ್ಟಮ್‌ಡಿ ಬೂಟ್ ಎಂಬ ಬೂಟ್‌ಲೋಡರ್, ಅದರ ಹಿಂದೆ ಅದೇ ಕರ್ನಲ್. ವಿಎಂ ಸ್ಟಾರ್ಟ್ ಆಯಿತು, ಫರ್ಮ್‌ವೇರ್ ಬಂತು, ಬೂಟ್ ಮೆನು ಬಂತು. ಕರ್ನಲ್ ಆರಿಸಿದ ಮೇಲೆ ಸೀರಿಯಲ್ ಕನ್ಸೋಲ್‌ನಲ್ಲಿ ಒಂದಕ್ಷರವೂ ಇಲ್ಲ. ವಿಎಂ ಸಿಪಿಯುವಿನ ಒಂದು ಕೋರ್ ಪೂರ್ತಿ ತಿನ್ನುತ್ತಿದೆ, ಹೊರಗೆ ಏನೂ ಕಾಣುತ್ತಿಲ್ಲ.

ನನ್ನ ಹತ್ತಿರ ಬರುವ ಹೊತ್ತಿಗೆ ಅವರು ಒಂದು ತೀರ್ಮಾನಕ್ಕೆ ಬಂದಾಗಿತ್ತು. 'ಸರ್, ಕರ್ನಲ್ ಲೋಡೇ ಆಗ್ತಿಲ್ಲ. ಫರ್ಮ್‌ವೇರ್ ಕೆಟ್ಟಿದೆ ಅನ್ಸುತ್ತೆ' ಎಂದ ಅಲ್ಲಿನ ಹುಡುಗ. ಅನುಮಾನ ಸಹಜವೇ. ಮೊದಲಿನ ದಾರಿಗೂ ಈ ದಾರಿಗೂ ಕಣ್ಣಿಗೆ ಕಾಣುವ ದೊಡ್ಡ ವ್ಯತ್ಯಾಸ ಫರ್ಮ್‌ವೇರ್. ಅದಕ್ಕೇ ಅವರು ಯುಇಎಫ್‌ಐನ ಓಪನ್ ಸೋರ್ಸ್ ರೂಪವಾದ ಇಡಿಕೆ2 ಸೋರ್ಸ್ ತಂದು ತಾವೇ ಒಂದು ಫರ್ಮ್‌ವೇರ್ ಕಟ್ಟಿದ್ದರು. ಅದನ್ನು ಹಾಕಿದರೆ ಕ್ಯೂಎಮು ಶುರುವೇ ಆಗಲಿಲ್ಲ. ಪಿಫ್ಲ್ಯಾಶ್‌ಗೆ (ಫರ್ಮ್‌ವೇರ್ ಕೂರುವ ಫ್ಲ್ಯಾಶ್ ಮೆಮೊರಿ) 67108864 ಬೈಟ್ ಬೇಕು, ನೀವು ಕೊಟ್ಟದ್ದು 2097152 ಎಂದು ಬೈದು ನಿಂತಿತು.

ಈ ಎರರ್ ಮೂಲ ತೊಂದರೆಗೆ ಸಂಬಂಧಿಸಿದ್ದಲ್ಲ, ಆದರೂ ಬಹಳ ಜನ ಇದರಲ್ಲಿ ಸಿಕ್ಕಿಬೀಳುತ್ತಾರೆ. ವರ್ಟ್ ಮಷೀನ್‌ನ ಮೆಮೊರಿ ಮ್ಯಾಪ್ ವಿಳಾಸ ಸೊನ್ನೆಯಿಂದ ಶುರುವಾಗುತ್ತದೆ. ಮೊದಲಿಗೇ 64 ಎಂಬಿಯ ಎರಡು ಫ್ಲ್ಯಾಶ್ ಬ್ಯಾಂಕುಗಳಿವೆ. ಮೊದಲನೆಯದರಲ್ಲಿ ಫರ್ಮ್‌ವೇರ್ ಕೋಡ್, ಎರಡನೆಯದರಲ್ಲಿ ಯುಇಎಫ್‌ಐ ವೇರಿಯಬಲ್‌ಗಳು. ಕಟ್ಟಿದಾಗ ಬರುವ ಫೈಲ್ 2 ಎಂಬಿಯಷ್ಟೇ ಇದ್ದರೂ ಬ್ಯಾಂಕಿನ ಅಳತೆಗೆ ಸರಿಯಾಗಿ ಅದನ್ನು 64 ಎಂಬಿಗೆ ಹಿಗ್ಗಿಸಬೇಕು. ಟ್ರಂಕೇಟ್ ಕಮಾಂಡ್ ಒಂದೇ ಸಾಲಿನಲ್ಲಿ ಅದನ್ನು ಮಾಡುತ್ತದೆ. ಡಿಸ್ಟ್ರೋಗಳು ಕೊಡುವ ಪಿಫ್ಲ್ಯಾಶ್ ಫೈಲುಗಳು ಈಗಾಗಲೇ ಈ ಅಳತೆಯಲ್ಲಿರುತ್ತವೆ. ಹಿಗ್ಗಿಸಿ ಹಾಕಿದ ಮೇಲೂ ಪರಿಣಾಮ ಮೊದಲಿನಂತೆಯೇ. ಮೆನು ಬಂತು, ಆಮೇಲೆ ಏನೂ ಇಲ್ಲ. ಎರಡು ಬೇರೆ ಬೇರೆ ಫರ್ಮ್‌ವೇರ್ ಒಂದೇ ಜಾಗದಲ್ಲಿ ನಿಲ್ಲುತ್ತಿವೆ ಎಂದರೆ, ಫರ್ಮ್‌ವೇರ್ ಕೆಟ್ಟಿದೆ ಎಂಬ ವಾದ ಅಲ್ಲಿಗೇ ಸೊರಗುತ್ತದೆ.

ನಾನು ಮೊದಲು ಕೇಳಿದ್ದು ಕರ್ನಲ್ ಕಮಾಂಡ್ ಲೈನ್. ಅದರಲ್ಲಿ 'ಕ್ವಯಟ್' ಇತ್ತು. ಬೋರ್ಡಿಗೆಂದು ಹಾಕಿದ್ದು ಇಲ್ಲಿಗೂ ಬಂದುಬಿಟ್ಟಿತ್ತು. ಕರ್ನಲ್ ಇಮೇಜ್‌ನ ತಲೆಯಲ್ಲಿ ಇಎಫ್‌ಐ ಸ್ಟಬ್ ಎಂಬ ಚಿಕ್ಕ ಭಾಗವಿದೆ. ಫರ್ಮ್‌ವೇರ್ ಮೊದಲು ಕರೆಯುವುದು ಅದನ್ನೇ. ಕ್ವಯಟ್ ಎಂದು ಹೇಳಿದರೆ ಕರ್ನಲ್ ಮಾತ್ರವಲ್ಲ, ಈ ಸ್ಟಬ್ ಕೂಡ ಬಾಯಿ ಮುಚ್ಚುತ್ತದೆ. ಅದನ್ನು ತೆಗೆದ ಕೂಡಲೇ ಮೂರು ಸಾಲು ಬಂದವು:

ಇಎಫ್‌ಐ ಸ್ಟಬ್: ಬೂಟಿಂಗ್ ಲಿನಕ್ಸ್ ಕರ್ನಲ್
ಇಎಫ್‌ಐ ಸ್ಟಬ್: ಜನರೇಟಿಂಗ್ ಎಂಪ್ಟಿ ಡಿಟಿಬಿ
ಇಎಫ್‌ಐ ಸ್ಟಬ್: ಎಕ್ಸಿಟಿಂಗ್ ಬೂಟ್ ಸರ್ವಿಸಸ್

ಮೂರನೇ ಸಾಲು ಬಂತೆಂದರೆ ಕರ್ನಲ್ ಲೋಡ್ ಆಗಿದೆ, ಸ್ಟಬ್ ಓಡಿದೆ, ಫರ್ಮ್‌ವೇರ್ ತನ್ನ ಕೆಲಸ ಮುಗಿಸಿ ಪಕ್ಕಕ್ಕೆ ಸರಿದಿದೆ. ಇನ್ನು ಮುಂದೆ ಫರ್ಮ್‌ವೇರ್‌ನ ಕನ್ಸೋಲ್ ಇಲ್ಲ, ಕರ್ನಲ್ ತನ್ನದನ್ನೇ ಹುಡುಕಿಕೊಳ್ಳಬೇಕು. ಬಹಳ ಜನ ಈ ಮೂರನೇ ಸಾಲನ್ನೇ ಹಿಡಿದು ಹುಡುಕಾಡುತ್ತಾರೆ, ಏಕೆಂದರೆ ಅದು ಕೊನೆಯ ಸಾಲು. ಈ ಪ್ರಕರಣದ ಸುಳಿವೆಲ್ಲ ಇದ್ದದ್ದು ಎರಡನೆಯದರಲ್ಲಿ. ಡಿವೈಸ್ ಟ್ರೀ ಎಂದರೆ ಯಂತ್ರದಲ್ಲಿ ಯಾವ ಹಾರ್ಡ್‌ವೇರ್ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಪಟ್ಟಿ, ಅದರ ಬೈನರಿ ರೂಪವೇ ಡಿಟಿಬಿ. ಸ್ಟಬ್‌ಗೆ ಯಾರೂ ಡಿವೈಸ್ ಟ್ರೀ ಕೊಡಲಿಲ್ಲ, ಹಾಗಾಗಿ ಅದು ಖಾಲಿ ಟ್ರೀ ಒಂದನ್ನು ಮಾಡಿ ಕರ್ನಲ್ ಕೈಗೆ ಇಟ್ಟಿದೆ.

ತಂಡದವರಿಗೆ ಇಲ್ಲೇ ಗೊಂದಲ. 'ವರ್ಟ್ ಮಷೀನ್ ತಾನೇ ಡಿವೈಸ್ ಟ್ರೀ ಮಾಡಿ ಕೊಡುತ್ತದಲ್ಲ ಸರ್?' ಹೌದು, ಮಾಡುತ್ತದೆ. ಎಷ್ಟು ಸಿಪಿಯು, ಎಷ್ಟು ರ‍್ಯಾಮ್, ಯಾವ ಇಂಟರಪ್ಟ್ ಕಂಟ್ರೋಲರ್, ಸೀರಿಯಲ್ ಪೋರ್ಟ್ ಎಲ್ಲಿ ಎಂಬುದನ್ನೆಲ್ಲ ಕ್ಯೂಎಮು ಪ್ರತಿ ಸಲ ಶುರುವಾದಾಗ ಹೊಸದಾಗಿ ಬರೆಯುತ್ತದೆ. ಕರ್ನಲ್ಲನ್ನು ನೇರವಾಗಿ ಕೊಟ್ಟಾಗ ಈ ಡಿಟಿಬಿಯ ವಿಳಾಸವನ್ನು ಎಕ್ಸ್0 ರಿಜಿಸ್ಟರ್‌ನಲ್ಲಿಟ್ಟು ಕರ್ನಲ್‌ಗೆ ಜಿಗಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆಗುತ್ತಿದ್ದದ್ದು ಅದು.

ಫರ್ಮ್‌ವೇರ್ ಇದ್ದಾಗ ಕಥೆ ಬೇರೆ. ಕ್ಯೂಎಮು ಡಿಟಿಬಿಯನ್ನು ರ‍್ಯಾಮ್‌ನ ಶುರುವಿನಲ್ಲಿ, ಹೆಕ್ಸ್ 40000000 ವಿಳಾಸದಲ್ಲಿ ಇಡುತ್ತದೆ. ಅದರ ಜೊತೆಗೆ ಎಸಿಪಿಐ ಟೇಬಲ್‌ಗಳನ್ನೂ (ಇಂಟೆಲ್ ಯಂತ್ರಗಳಲ್ಲಿ ಹಾರ್ಡ್‌ವೇರ್ ವಿವರ ಹೇಳುವ ಪದ್ಧತಿ) ತಯಾರಿಸಿ ಎಫ್‌ಡಬ್ಲ್ಯೂ ಸಿಎಫ್‌ಜಿ ಎಂಬ ಕಿಂಡಿಯಿಂದ ಫರ್ಮ್‌ವೇರ್‌ಗೆ ಕೊಡುತ್ತದೆ. ಅಂದರೆ ಒಂದೇ ಹಾರ್ಡ್‌ವೇರ್ ಬಗ್ಗೆ ಎರಡು ವಿವರಣೆ. ಇಡಿಕೆ2 ತನ್ನ ಸ್ವಂತ ಕೆಲಸಕ್ಕೆ, ಅಂದರೆ ರ‍್ಯಾಮ್ ಎಷ್ಟು, ಯುಆರ್ಟ್ (ಸೀರಿಯಲ್ ಪೋರ್ಟ್) ಎಲ್ಲಿ ಎಂದು ತಿಳಿಯಲು, ಡಿಟಿಬಿಯನ್ನು ಓದಿಕೊಳ್ಳುತ್ತದೆ. ಆದರೆ ಓಎಸ್‌ಗೆ ತೋರಿಸುವುದು ಎರಡರಲ್ಲಿ ಒಂದನ್ನು ಮಾತ್ರ. ಎಸಿಪಿಐ ಟೇಬಲ್ ಬಂದಿದ್ದರೆ ಅದನ್ನೇ ತೋರಿಸಿ ಡಿಟಿಬಿಯನ್ನು ಮರೆಮಾಡುತ್ತದೆ. ಇದು ಬಗ್ ಅಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ. 64 ಬಿಟ್ ಆರ್ಮ್ ಲಿನಕ್ಸ್‌ಗೆ ತುಂಬಿದ ಡಿವೈಸ್ ಟ್ರೀ ಸಿಕ್ಕಿದರೆ ಅದು ಎಸಿಪಿಐ ಕಡೆ ತಿರುಗಿಯೂ ನೋಡುವುದಿಲ್ಲ. ಟ್ರೀ ಖಾಲಿ ಇದ್ದಾಗ ಮಾತ್ರ ಎಸಿಪಿಐಗೆ ಹೋಗುತ್ತದೆ. ಎರಡನ್ನೂ ಕೊಟ್ಟರೆ ಎಸಿಪಿಐ ಕೊಟ್ಟೂ ವ್ಯರ್ಥ.

ಎರಡು ಪದ್ಧತಿ ಬಂದದ್ದಕ್ಕೂ ಕಾರಣವಿದೆ. ಡಿವೈಸ್ ಟ್ರೀ ಮೂಲದಲ್ಲಿ ಓಪನ್ ಫರ್ಮ್‌ವೇರ್‌ನದು, ಸ್ಪಾರ್ಕ್ ಮತ್ತು ಪವರ್‌ಪಿಸಿ ಯಂತ್ರಗಳಲ್ಲಿ ಬಳಕೆಯಲ್ಲಿತ್ತು. ಆರ್ಮ್ ಬೋರ್ಡುಗಳ ವಿವರ ಕರ್ನಲ್ ಒಳಗೇ ಸಿ ಫೈಲುಗಳಾಗಿ ಗುಡ್ಡೆ ಬೀಳುತ್ತಿವೆ ಎಂದು 2011ರಲ್ಲಿ ದೊಡ್ಡ ತಕರಾರು ಎದ್ದ ಮೇಲೆ ಆರ್ಮ್ ಲಿನಕ್ಸ್ ಕೂಡ ಡಿವೈಸ್ ಟ್ರೀ ಕಡೆ ಹೊರಳಿತು. ಸರ್ವರ್ ಮಾಡುವವರಿಗೆ ಬೇರೆ ಆಸೆ. ಒಂದೇ ಇನ್‌ಸ್ಟಾಲರ್ ಯಾವ ಕಂಪನಿಯ ಸರ್ವರ್ ಮೇಲಾದರೂ ಓಡಬೇಕು, ಇಂಟೆಲ್ ಲೋಕದಲ್ಲಿ ಇರುವ ಹಾಗೆ. ಅದಕ್ಕೆ ಎಸಿಪಿಐ. 64 ಬಿಟ್ ಆರ್ಮ್‌ಗೆ ಅದರ ಬೆಂಬಲ 2015ರಲ್ಲಿ ಲಿನಕ್ಸ್ 4.1ರಲ್ಲಿ ಸೇರಿತು. ನಮ್ಮ ತಂಡ ಈ ಎರಡು ಲೋಕಗಳ ಗಡಿಯಲ್ಲಿ ನಿಂತಿತ್ತು. ಕರ್ನಲ್ ಎಂಬೆಡೆಡ್ ಕಡೆಯದು, ವಿಎಂ ಸರ್ವರ್ ಕಡೆಯದು.

ಊಹೆ ಇಷ್ಟು ದೂರ ಬಂದಿತ್ತು. ಸಾಕ್ಷಿ ಬೇಕಿತ್ತು. ಕರ್ನಲ್ ಬೇಗನೆ ಮಾತಾಡಲಿ ಎಂದು ತಂಡದವರು ಕಮಾಂಡ್ ಲೈನ್‌ಗೆ 'ಅರ್ಲಿಕಾನ್' ಎಂದು ಈಗಾಗಲೇ ಸೇರಿಸಿ ನೋಡಿದ್ದರು. ಏನೂ ಬಂದಿರಲಿಲ್ಲ. ಅದರಿಂದಲೇ 'ಕರ್ನಲ್ ಓಡುತ್ತಿಲ್ಲ' ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗಿತ್ತು. ಬರೀ ಅರ್ಲಿಕಾನ್ ಎಂದರೆ ಸೀರಿಯಲ್ ಪೋರ್ಟ್ ಎಲ್ಲಿದೆ ಎಂದು ಕರ್ನಲ್ ಯಾರನ್ನು ಕೇಳಬೇಕು? ಡಿವೈಸ್ ಟ್ರೀಯ ಚೋಸನ್ ನೋಡ್‌ನಲ್ಲಿರುವ ಎಸ್‌ಟಿಡಿಔಟ್ ಪಾತ್ ಅನ್ನು ಕೇಳುತ್ತದೆ, ಅಥವಾ ಎಸಿಪಿಐನ ಎಸ್‌ಪಿಸಿಆರ್ ಟೇಬಲ್ಲನ್ನು. ಇಲ್ಲಿ ಮೊದಲನೆಯದು ಖಾಲಿ. ಎರಡನೆಯದನ್ನು ಓದುವ ಕೋಡ್ ಈ ಕರ್ನಲ್‌ನಲ್ಲಿ ಇದೆಯೋ ಇಲ್ಲವೋ ಎಂಬುದೇ ನಮ್ಮ ಪ್ರಶ್ನೆ. ಹಾಗಾಗಿ ಕರ್ನಲ್ ಯಾರನ್ನೂ ಕೇಳಬೇಕಾಗದ ಹಾಗೆ ಡ್ರೈವರ್ ಹೆಸರು, ವಿಳಾಸ ಎರಡನ್ನೂ ನಾವೇ ಕೊಡಬೇಕು. ವರ್ಟ್ ಮಷೀನ್‌ನ ಯುಆರ್ಟ್ ಪಿಎಲ್011, ಅದು ಕೂರುವುದು ಹೆಕ್ಸ್ 09000000ದಲ್ಲಿ. 'ಅರ್ಲಿಕಾನ್ = ಪಿಎಲ್011, ಆ ವಿಳಾಸ' ಎಂದು ಬರೆದು ಬೂಟ್ ಮಾಡಿದೆವು.

ಲಾಗ್ ದಬದಬನೆ ಸುರಿಯಿತು. ಕರ್ನಲ್ ಮೊದಲಿನಿಂದಲೂ ಓಡುತ್ತಲೇ ಇತ್ತು.

ಆ ಲಾಗನ್ನು ಲ್ಯಾಪ್‌ಟಾಪ್‌ನ ಲಾಗ್ ಪಕ್ಕದಲ್ಲಿಟ್ಟು ನೋಡಿದೆವು. ಲ್ಯಾಪ್‌ಟಾಪ್‌ನದರಲ್ಲಿ ಶುರುವಿನಲ್ಲೇ 'ಮಷೀನ್ ಮಾಡೆಲ್: ಲಿನಕ್ಸ್, ಡಮ್ಮಿ ವರ್ಟ್' ಎಂದಿದೆ. ಸ್ವಲ್ಪ ಕೆಳಗೆ 'ಪಿಎಸ್‌ಸಿಐ: ಪ್ರೋಬಿಂಗ್ ಫಾರ್ ಕಂಡ್ಯೂಟ್ ಮೆಥಡ್ ಫ್ರಮ್ ಡಿಟಿ' ಎಂದಿದೆ. ಸರ್ವರ್‌ನ ಲಾಗ್‌ನಲ್ಲಿ ಇವೆರಡೂ ಇಲ್ಲ. ಅದರ ಬದಲು ಇಎಫ್‌ಐ ಸಾಲಿನಲ್ಲಿ 'ಎಸಿಪಿಐ 2.0 =' ಎಂದು ಒಂದು ವಿಳಾಸ. ಅಂದರೆ ಫರ್ಮ್‌ವೇರ್ ಎಸಿಪಿಐ ಕೊಟ್ಟಿದೆ, ಕರ್ನಲ್ ಅದು ಇರುವುದನ್ನು ಕಂಡಿದೆ. ಆದರೆ ಆಮೇಲೆ ಎಸಿಪಿಐ ಟೇಬಲ್‌ಗಳನ್ನು ಬಿಚ್ಚಿದ ಒಂದು ಸಾಲೂ ಇಲ್ಲ. ಕೆಳಗೆ ಬಂದರೆ 'ಮಿಸಿಂಗ್ ಬೂಟ್ ಸಿಪಿಯು ಎಂಪಿಐಡಿಆರ್, ನಾಟ್ ಎನೇಬ್ಲಿಂಗ್ ಸೆಕೆಂಡರೀಸ್'. ತಾನು ಓಡುತ್ತಿರುವ ಸಿಪಿಯು ಯಾವುದು ಎಂದು ಹೇಳುವವರೂ ಕರ್ನಲ್‌ಗೆ ಸಿಕ್ಕಿಲ್ಲ. ಕೊನೆಗೆ ಪ್ಯಾನಿಕ್: 'ಅನೇಬಲ್ ಟು ಇನಿಷಿಯಲೈಸ್ ಆರ್ಕಿಟೆಕ್ಟೆಡ್ ಟೈಮರ್'. ಹಳೆಯ ಕರ್ನಲ್ ಆಗಿದ್ದರೆ ಟೈಮರ್‌ಗಿಂತ ಮೊದಲೇ 'ನೋ ಇಂಟರಪ್ಟ್ ಕಂಟ್ರೋಲರ್ ಫೌಂಡ್' ಎಂದು ಬೀಳುತ್ತಿತ್ತು. ಎರಡರ ಹಿಂದಿನ ಕಾರಣವೂ ಒಂದೇ, ಹಾರ್ಡ್‌ವೇರ್ ವಿವರ ಕರ್ನಲ್‌ಗೆ ಸಿಕ್ಕಿಲ್ಲ ಎಂದು, ಟೈಮರ್ ಕೆಟ್ಟಿದೆ ಎಂದಲ್ಲ.

ಕಾನ್ಫಿಗ್ ಫೈಲ್ ತೆರೆದು ನೋಡಿದರೆ ಕಾನ್ಫಿಗ್ ಎಸಿಪಿಐ ಆಫ್. ಮುಖ್ಯ ಲಿನಕ್ಸ್‌ನ ಆರ್ಮ್64 ಡೆಫ್‌ಕಾನ್ಫಿಗ್‌ನಲ್ಲಿ (ಕರ್ನಲ್ ಜೊತೆಗೇ ಬರುವ ಕಾನ್ಫಿಗ್) ಅದು ಆನ್ ಇರುತ್ತದೆ. ಬೋರ್ಡಿಗೆ ಬೇಡ ಎಂದು ಇವರು ಕತ್ತರಿಸಿದ ಪಟ್ಟಿಯಲ್ಲಿ ಅದೂ ಹೋಗಿತ್ತು. ಬೋರ್ಡಿನ ಮಟ್ಟಿಗೆ ಅದು ಸರಿಯಾದ ಕೆಲಸವೇ.

ಇಲ್ಲಿ ಗ್ರಬ್ ಎಂಬ ಬೂಟ್‌ಲೋಡರ್ ಬಳಸುವವರಿಗೆ ಒಂದು ಮಾತು. ಹಳೆಯ ಗ್ರಬ್ ಆವೃತ್ತಿಗಳು ಕರ್ನಲ್ ಬೂಟ್ ಮಾಡುವಾಗ ತಾವೇ ಒಂದು ಪುಟಾಣಿ ಡಿಟಿಬಿ ಮಾಡಿ, ಅದರ ಚೋಸನ್ ನೋಡ್‌ನಲ್ಲಿ ಇನಿಟ್ ಆರ್‌ಡಿ (ಬೂಟ್ ಹೊತ್ತಿನ ತಾತ್ಕಾಲಿಕ ಡಿಸ್ಕ್) ವಿವರ ಇಟ್ಟು ಕೊಡುತ್ತಿದ್ದವು. ಆಗ ಸ್ಟಬ್ 'ಯೂಸಿಂಗ್ ಡಿಟಿಬಿ ಫ್ರಮ್ ಕಾನ್ಫಿಗರೇಷನ್ ಟೇಬಲ್' ಎಂದೇ ಹೇಳುತ್ತದೆ. ಡಿಟಿಬಿ ಬಂತಲ್ಲ ಎಂದು ನಂಬಿ ಕೂತರೆ ಕೆಟ್ಟಿರಿ, ಅದರೊಳಗೆ ಹಾರ್ಡ್‌ವೇರ್ ವಿವರ ಏನೂ ಇರುವುದಿಲ್ಲ. ಅದಕ್ಕೇ ನಾನು ಸ್ಟಬ್‌ನ ಮಾತಿಗಿಂತ 'ಮಷೀನ್ ಮಾಡೆಲ್' ಸಾಲನ್ನು ಜಾಸ್ತಿ ನಂಬುತ್ತೇನೆ.

ಇನ್ನು, ಅರ್ಲಿಕಾನ್ ಕೂಡ ಬಾಯಿ ಬಿಡದಿದ್ದರೆ? ಕ್ಯೂಎಮುವಿನಲ್ಲಿ ಜಿಡಿಬಿ ಎಂಬ ಡೀಬಗ್ಗರ್‌ಗೆ ಕಿಂಡಿ ತೆರೆದು, ಡೀಬಗ್ ಮಾಹಿತಿ ಇರುವ ವಿಎಂಲಿನಕ್ಸ್ ಫೈಲ್ ಹಾಕಿ, ಕರ್ನಲ್ ಜೊತೆ ಬರುವ ಎಲ್‌ಎಕ್ಸ್ ಡಿಮೆಸೇಜ್ ಕಮಾಂಡಿನಿಂದ ಲಾಗ್ ಬಫರನ್ನೇ ಮೆಮೊರಿಯಿಂದ ಓದಬಹುದು. ಕರ್ನಲ್ ವಿಳಾಸ ಅಲ್ಲಾಡದಿರಲಿ ಎಂದು 'ನೋ ಕೆಎಎಸ್‌ಎಲ್‌ಆರ್' ಸೇರಿಸಿರಬೇಕು. ನಮಗೆ ಅಲ್ಲಿವರೆಗೆ ಹೋಗುವ ಪ್ರಮೇಯ ಬರಲಿಲ್ಲ.

ಪರಿಹಾರಕ್ಕೆ ಬಂದಾಗ ತಂಡದ ಒಬ್ಬರು ಆಗಲೇ ಒಂದು ದಾರಿ ಹಿಡಿದಿದ್ದರು. ಡಿಟಿಬಿ ಇಲ್ಲ ಅಂದರೆ ಕೊಟ್ಟರಾಯಿತಲ್ಲ? ಲ್ಯಾಪ್‌ಟಾಪ್‌ನಲ್ಲಿ ವರ್ಟ್ ಮಷೀನಿನ ಡಂಪ್ ಡಿಟಿಬಿ ಆಯ್ಕೆ ಬಳಸಿ ಡಿಟಿಬಿಯನ್ನು ಫೈಲ್‌ಗೆ ಇಳಿಸಿ, ಸಿಸ್ಟಮ್‌ಡಿ ಬೂಟ್‌ನ ಎಂಟ್ರಿಯಲ್ಲಿ ಡಿವೈಸ್‌ಟ್ರೀ ಸಾಲು ಸೇರಿಸಿದರು. ಕರ್ನಲ್ ಒಂದಷ್ಟು ಮುಂದೆ ಹೋಯಿತು, ಒಂದೇ ಸಿಪಿಯು ಕಂಡಿತು, ಆಮೇಲೆ ನಿಂತಿತು. 'ಮೊದಲಿಗಿಂತ ಪರವಾಗಿಲ್ಲ' ಎಂಬ ಭಾವನೆ ಅವರದು. ನನಗೆ ಇದು ಮೊದಲಿಗಿಂತ ಅಪಾಯ ಎನಿಸಿತು. ಹಳೇ ಮನೆಯ ವೈರಿಂಗ್ ನಕ್ಷೆ ಹಿಡಿದುಕೊಂಡು ಹೊಸ ಮನೆಯಲ್ಲಿ ಫ್ಯೂಸ್ ಹುಡುಕಿದ ಹಾಗೆ. ಲ್ಯಾಪ್‌ಟಾಪ್‌ನ ವಿಎಂಗೆ ಜಿಐಸಿ (ಆರ್ಮ್‌ನ ಇಂಟರಪ್ಟ್ ಕಂಟ್ರೋಲರ್) ಆವೃತ್ತಿ 2, ಏಕೆಂದರೆ ಕೆವಿಎಂ ಇಲ್ಲದೆ ಓಡುವಾಗ ವರ್ಟ್ ಅದನ್ನೇ ಹಾಕಿಕೊಳ್ಳುತ್ತದೆ. ಸರ್ವರ್‌ನ ವಿಎಂಗೆ ಜಿಐಸಿ 3. ಎರಡರಲ್ಲೂ ಡಿಸ್ಟ್ರಿಬ್ಯೂಟರ್ ಇರುವುದು ಹೆಕ್ಸ್ 08000000ದಲ್ಲೇ. ಆದರೆ ಜಿಐಸಿ 2ರ ಸಿಪಿಯು ಇಂಟರ್‌ಫೇಸ್ 08010000ದಲ್ಲಿ ಇರುತ್ತದೆ. ಜಿಐಸಿ 3ರಲ್ಲಿ ಆ ಜಾಗದಲ್ಲಿ ಅದಿಲ್ಲ, ಬದಲಿಗೆ 080ಎ0000ದಿಂದ ರೀಡಿಸ್ಟ್ರಿಬ್ಯೂಟರ್‌ಗಳು. ಅಲ್ಲಿ ಇಲ್ಲವೇ ಇಲ್ಲದ ಹಾರ್ಡ್‌ವೇರಿಗೆ ಕರ್ನಲ್ ಬರೆಯುತ್ತಾ ಕೂತಿತ್ತು, ಇಂಟರಪ್ಟ್ ಬರುವುದಾದರೂ ಹೇಗೆ?

ವರ್ಟ್ ಮಷೀನ್‌ಗೆ ಯಾರಾದರೂ ಫೈಲ್‌ನಿಂದ ಡಿಟಿಬಿ ಕೊಡುತ್ತಿದ್ದರೆ ನಾನು ಮೊದಲು ಅದನ್ನು ತೆಗೆಸುತ್ತೇನೆ. ಇಳಿಸಿಕೊಂಡ ಡಿಟಿಬಿ ಓದಿ ತಿಳಿಯಲು ಒಳ್ಳೆಯದು. ಡಿಟಿಸಿ (ಡಿವೈಸ್ ಟ್ರೀ ಕಂಪೈಲರ್) ಹಾಕಿ ಸೋರ್ಸ್ ರೂಪಕ್ಕೆ ತಿರುಗಿಸಿದರೆ ಮಷೀನ್‌ನ ಇಡೀ ಜಾತಕ ಕಣ್ಣ ಮುಂದೆ ಬರುತ್ತದೆ. ಆದರೆ ಸಿಪಿಯು ಎಣಿಕೆ, ಜಿಐಸಿ ಆವೃತ್ತಿ, ಕ್ಯೂಎಮು ಆವೃತ್ತಿ ಇವುಗಳಲ್ಲಿ ಯಾವುದು ಬದಲಾದರೂ ಆ ಫೈಲ್ ಹಳಸುತ್ತದೆ. ಹಳಸಿದೆ ಎಂದು ಅದು ಹೇಳುವುದೂ ಇಲ್ಲ.

ಉಳಿದದ್ದು ಎರಡು ದಾರಿ. ಕರ್ನಲ್‌ನಲ್ಲಿ ಎಸಿಪಿಐ ಆನ್ ಮಾಡುವುದು, ಅಥವಾ ವಿಎಂನಲ್ಲಿ ಎಸಿಪಿಐ ಆಫ್ ಮಾಡುವುದು. ಸಾಮಾನ್ಯ ಸರ್ವರ್ ಕರ್ನಲ್ ಆಗಿದ್ದರೆ ಮೊದಲನೆಯದನ್ನೇ ಹೇಳುತ್ತಿದ್ದೆ. ಇಲ್ಲಿ ಓಡಬೇಕಾದದ್ದು ಡಿವೈಸ್ ಟ್ರೀ ಮೇಲೆ ನಿಂತ ಉತ್ಪನ್ನ. ಟೆಸ್ಟ್‌ಗೋಸ್ಕರ ಬೋರ್ಡಿನಲ್ಲಿ ಎಂದೂ ಓಡದ ಕೋಡನ್ನು ಕರ್ನಲ್ಲಿಗೆ ತುಂಬಿಸಿ, ಬೋರ್ಡಿನಲ್ಲಿ ಓಡುವ ಡಿವೈಸ್ ಟ್ರೀ ಕೋಡನ್ನು ಟೆಸ್ಟ್ ಮಾಡದೆ ಬಿಡುವುದು ಸರಿ ಕಾಣಲಿಲ್ಲ. ಎರಡನೆಯದನ್ನು ಆರಿಸಿದೆವು.

ಕ್ಯೂಎಮು ಕಮಾಂಡ್‌ನಲ್ಲಾದರೆ ವರ್ಟ್ ಮಷೀನ್‌ಗೆ 'ಎಸಿಪಿಐ = ಆಫ್' ಎಂದು ಸೇರಿಸಿದರೆ ಸಾಕು. ಲಿಬ್‌ವರ್ಟ್‌ನಲ್ಲಿ ಡೊಮೇನ್ ಎಕ್ಸ್‌ಎಂಎಲ್‌ನ ಫೀಚರ್ಸ್ ಭಾಗದಲ್ಲಿ ಎಸಿಪಿಐ ಎಂಬ ಟ್ಯಾಗ್ ಇರುತ್ತದೆ. ಯುಇಎಫ್‌ಐ ಇರುವ ಆರ್ಮ್ ವಿಎಂಗೆ ವರ್ಟ್ ಇನ್‌ಸ್ಟಾಲ್ ಅದನ್ನು ಕೇಳದೆಯೇ ಹಾಕುತ್ತದೆ. ಆ ಟ್ಯಾಗ್ ಅಳಿಸಿದರೆ ಲಿಬ್‌ವರ್ಟ್ ತಾನೇ ಎಸಿಪಿಐ ಆಫ್ ಎಂದು ಕ್ಯೂಎಮುಗೆ ಹೇಳುತ್ತದೆ. ಅಂದಹಾಗೆ ಯುಇಎಫ್‌ಐ ಇಲ್ಲದ ಆರ್ಮ್ ವಿಎಂಗೆ ಆ ಟ್ಯಾಗ್ ಹಾಕಲು ಹೋದರೆ 'ಎಸಿಪಿಐ ರಿಕ್ವೈರ್ಸ್ ಯುಇಎಫ್‌ಐ' ಎಂದು ಲಿಬ್‌ವರ್ಟ್ ಒಪ್ಪುವುದಿಲ್ಲ. ಲಿಬ್‌ವರ್ಟ್ ನಿಜಕ್ಕೂ ಏನು ಓಡಿಸುತ್ತಿದೆ ಎಂಬ ಅನುಮಾನ ಬಂದರೆ ಸರ್ವರ್‌ನ ವಾರ್ ಲಾಗ್ ಅಡಿಯ ಲಿಬ್‌ವರ್ಟ್ ಡೈರೆಕ್ಟರಿಯಲ್ಲಿ ಪ್ರತಿ ವಿಎಂಗೂ ಒಂದು ಲಾಗ್ ಇದೆ, ಅದರಲ್ಲಿ ಪೂರ್ತಿ ಕ್ಯೂಎಮು ಕಮಾಂಡ್ ಲೈನ್ ಸಿಗುತ್ತದೆ. ಲ್ಯಾಪ್‌ಟಾಪ್‌ನ ಕಮಾಂಡನ್ನು ಅದರ ಪಕ್ಕ ಇಟ್ಟು ನೋಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಟ್ಯಾಗ್ ತೆಗೆದ ಮೇಲೆ ಸ್ಟಬ್ ಕಾನ್ಫಿಗರೇಷನ್ ಟೇಬಲ್‌ನ ಡಿಟಿಬಿ ಸಿಕ್ಕಿತೆಂದು ಹೇಳಿತು, ಮಷೀನ್ ಮಾಡೆಲ್ ಬಂತು, ಸಿಪಿಯುಗಳೆಲ್ಲ ಎದ್ದವು, ಅರ್ಲಿಕಾನ್ ಇಲ್ಲದೆಯೇ ಕನ್ಸೋಲ್ ಬಂತು. ಎಸ್‌ಟಿಡಿಔಟ್ ಪಾತ್ ಈಗ ಇದೆಯಲ್ಲ.

ಆದರೆ ಬೂಟ್ ಮುಗಿಯಲಿಲ್ಲ. ರೂಟ್ ಡಿಸ್ಕ್ ಸಿಗದೆ 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)' ಎಂದು ಪ್ಯಾನಿಕ್ ಆಯಿತು. ಕಂಸದಲ್ಲಿ ಎರಡು ಸೊನ್ನೆ ಕಂಡರೆ ಫೈಲ್‌ಸಿಸ್ಟಮ್ ಕೆಟ್ಟಿದೆ ಎಂದಲ್ಲ, ಡಿಸ್ಕ್ ಎಂಬ ವಸ್ತುವೇ ಕರ್ನಲ್ ಕಣ್ಣಿಗೆ ಬಿದ್ದಿಲ್ಲ ಎಂದು. ಲ್ಯಾಪ್‌ಟಾಪ್‌ನ ಸ್ಕ್ರಿಪ್ಟ್‌ನಲ್ಲಿ ಡಿಸ್ಕ್ ಇದ್ದದ್ದು ವರ್ಟಿಯೋ ಎಂಎಂಐಒ ಮೇಲೆ, ಅಂದರೆ ಪಿಸಿಐ ಬಸ್ ಇಲ್ಲದೆ ನೇರ ಮೆಮೊರಿ ವಿಳಾಸದಲ್ಲಿ ಕೂರುವ ವಿಎಂ ಡಿಸ್ಕ್. ಲಿಬ್‌ವರ್ಟ್ ಅದನ್ನು ವರ್ಟಿಯೋ ಪಿಸಿಐ ಆಗಿ ಕೊಡುತ್ತದೆ. ಬೋರ್ಡಿನಲ್ಲಿ ಪಿಸಿಐ ಇಲ್ಲದ್ದರಿಂದ ಕರ್ನಲ್‌ನಲ್ಲೂ ಪಿಸಿಐ ಇರಲಿಲ್ಲ. ಡಿವೈಸ್ ಟ್ರೀ ದಾರಿಯಲ್ಲಿ ವರ್ಟ್‌ನ ಪಿಸಿಐ ಬಸ್ ಕಾಣಬೇಕಾದರೆ ಪಿಸಿಐ ಹೋಸ್ಟ್ ಜೆನೆರಿಕ್ ಎಂಬ ಡ್ರೈವರ್ ಬೇಕು, ಮೇಲೆ ವರ್ಟಿಯೋ ಪಿಸಿಐ ಬೇಕು. ಡಿಸ್ಕನ್ನೇ ಎಂಎಂಐಒಗೆ ಬದಲಿಸಬಹುದಿತ್ತು. ನೆಟ್‌ವರ್ಕ್ ಕಾರ್ಡಿಗೂ ಅದೇ ಗತಿ ಬರುತ್ತಿದ್ದರಿಂದ, ವಿಎಂಗೆಂದೇ ಒಂದು ಸಣ್ಣ ಕಾನ್ಫಿಗ್ ತುಣುಕು ಮಾಡಿ ಈ ಆಯ್ಕೆಗಳನ್ನು ಅದರಲ್ಲಿಟ್ಟರು. ಬೋರ್ಡಿನ ಕಾನ್ಫಿಗ್ ಮುಟ್ಟಲಿಲ್ಲ. ಲಾಗಿನ್ ಪ್ರಾಂಪ್ಟ್ ಬಂತು.

ಟೆಸ್ಟ್ ಸ್ಕ್ರಿಪ್ಟ್‌ಗೆ ಒಂದು ತಪಾಸಣೆಯೂ ಸೇರಿತು. ಬೂಟ್ ಲಾಗ್‌ನಲ್ಲಿ ಮಷೀನ್ ಮಾಡೆಲ್ ಸಾಲು ಇಲ್ಲದಿದ್ದರೆ ಮುಂದಿನ ಟೆಸ್ಟ್‌ಗಳನ್ನು ಓಡಿಸದೆ ಅಲ್ಲೇ ನಿಲ್ಲಿಸು ಎಂದು. ಯಾರೋ ವಿಎಂ ಅನ್ನು ಮತ್ತೆ ವರ್ಟ್ ಇನ್‌ಸ್ಟಾಲ್‌ನಿಂದ ಹುಟ್ಟಿಸಿದರೆ ಆ ಟ್ಯಾಗ್ ವಾಪಸ್ ಬರುತ್ತದೆ, ಆಗ ಇದು ಹಿಡಿಯುತ್ತದೆ.

ಎಲ್ಲ ಸರಿಹೋಯಿತು ಎನ್ನುವಾಗ ಇನ್ನೊಂದು ದೂರು ಬಂತು. ಲಿಬ್‌ವರ್ಟ್‌ನ ವರ್ಶ್ ಕಮಾಂಡಿನಲ್ಲಿ ಶಟ್‌ಡೌನ್ ಎಂದರೆ ವಿಎಂ ಕೇಳುತ್ತಲೇ ಇಲ್ಲ, ಸುಮ್ನೆ ಓಡುತ್ತಾ ಇರುತ್ತದೆ. ಇದೂ ಎಸಿಪಿಐ ತೆಗೆದದ್ದರ ಫಲ. ಎಸಿಪಿಐ ಇದ್ದರೆ ಪವರ್ ಬಟನ್ ಒತ್ತಿದ ಸುದ್ದಿ ಜಿಇಡಿ ಎಂಬ ಎಸಿಪಿಐ ಸಾಧನದ ಮೂಲಕ ಬರುತ್ತದೆ. ಇಲ್ಲದಿದ್ದರೆ ಕ್ಯೂಎಮು ಪಿಎಲ್061 ಎಂಬ ಜಿಪಿಐಒ ಚಿಪ್ ಹುಟ್ಟಿಸಿ, ಡಿವೈಸ್ ಟ್ರೀಯಲ್ಲಿ ಜಿಪಿಐಒ ಕೀಸ್ ಎಂಬ ನೋಡ್ ಇಟ್ಟು ಬಟನ್ ಅಲ್ಲಿದೆ ಎನ್ನುತ್ತದೆ. ಆ ಎರಡು ಡ್ರೈವರೂ ಈ ಕರ್ನಲ್‌ನಲ್ಲಿರಲಿಲ್ಲ. ಹಾಕಿದರೂ ಬಟನ್ ಸುದ್ದಿ ಕೇಳಿ ಯಂತ್ರ ಇಳಿಸುವ ಪ್ರೋಗ್ರಾಂ ಒಂದು ಯೂಸರ್‌ಸ್ಪೇಸ್‌ನಲ್ಲಿ ಬೇಕು, ಅದೂ ಇರಲಿಲ್ಲ. ಅಷ್ಟೆಲ್ಲ ಬೇಡ ಎಂದರು. ಸ್ಕ್ರಿಪ್ಟ್ ಈಗ ಎಸ್‌ಎಸ್‌ಎಚ್‌ನಿಂದ ಒಳಗೆ ಹೋಗಿ ಪವರ್‌ಆಫ್ ಕೊಡುತ್ತದೆ.